ಸವೆದ ಸ್ಕ್ರೂ, ನಿಂತ ಗಾಡಿ: ಬಲಕ್ಕಿಂತ ಕ್ರಮ ಮೇಲು

ಇಂದು ನಮ್ಮ ಹಳ್ಳಿಗಳಲ್ಲಿ ಎತ್ತಿನ ಕೊರಳ ಗಂಟೆಗಿಂತ ಎಂಜಿನ್ನಿನ ಸದ್ದೇ ಹೆಚ್ಚು. ತರಕಾರಿ ಸಂತೆಗೆ ಹೋಗುವುದು ಪಿಕಪ್ಪಿನಲ್ಲಿ. ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಎರಡನೆಯ ಕೈಯಿಂದ ಕೊಂಡ ಹಳೆಯ ಕಾರಿನಲ್ಲಿ. ಉಳುವುದು ಟ್ರ್ಯಾಕ್ಟರಿನಲ್ಲಿ. ಯಂತ್ರ ಬಂದ ಮೇಲೆ ಅದರ ರಿಪೇರಿಯೂ ಬೇಸಾಯದ ಒಂದು ಭಾಗವಾಯಿತು. ಆದರೆ ಯಂತ್ರ ಕೊಳ್ಳುವುದಕ್ಕೆ ಸಾಲ ಸಿಗುವಷ್ಟು ಸುಲಭವಾಗಿ ಅದನ್ನು ಬಿಚ್ಚಿ ಜೋಡಿಸುವ ತಿಳಿವಳಿಕೆ ಸಿಗುತ್ತಿಲ್ಲ ಎಂಬುದು ಖೇದದ ಸಂಗತಿ.

ಗಾಡಿ ನಿಲ್ಲುವುದು ದೊಡ್ಡ ಕಾರಣಕ್ಕೇ ಆಗಬೇಕೆಂದಿಲ್ಲ. ಬ್ರೇಕ್ ಡ್ರಮ್ಮನ್ನು ಹಿಡಿದಿರುವ ಒಂದು ಸಣ್ಣ ಸ್ಕ್ರೂವಿನ ತಲೆ ಸವೆದುಹೋದರೆ ಸಾಕು, ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಎಳೆಯುತ್ತದೆ. ಹದ ಬಂದಾಗ ಬಿತ್ತನೆ ತಪ್ಪಿದರೆ, ಕೊಯ್ದ ಟೊಮೆಟೊ ಮಾರುಕಟ್ಟೆಗೆ ಮುಟ್ಟದಿದ್ದರೆ ಆಗುವ ನಷ್ಟದ ಮುಂದೆ ಆ ಸ್ಕ್ರೂವಿನ ಬೆಲೆ ಏನೂ ಅಲ್ಲ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಸಿಟ್ಟಿನಲ್ಲಿ ಸುತ್ತಿಗೆ ಬೀಸಿ ಕಣ್ಣು ಕಳೆದುಕೊಳ್ಳುವ, ಜಾಕು ಜಾರಿ ಗಾಡಿಯ ಕೆಳಗೆ ಸಿಕ್ಕಿಬೀಳುವ ಅಪಾಯ. ಆದ್ದರಿಂದ ಈ ವಾರ ಈ ಚಿಕ್ಕ ವಿಷಯವನ್ನೇ ಚರ್ಚೆಗೆ ಎತ್ತಿಕೊಂಡಿದ್ದೇವೆ.

ಸ್ಕ್ರೂ ಕೆಡುವುದೇಕೆ?

ತುಕ್ಕಿನ ಮೇಲೆ ತಪ್ಪು ಹೊರಿಸುವುದು ವಾಡಿಕೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಇದು. ತುಕ್ಕು ಸ್ಕ್ರೂವನ್ನು ಬಿಗಿಯುತ್ತದೆ, ನಿಜ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುವುದರಿಂದ ಥ್ರೆಡ್ಡಿನ ಸಂದುಗಳಲ್ಲಿ ಬೆಣೆ ಹೊಡೆದಂತಾಗುತ್ತದೆ. ಆದರೆ ಸ್ಕ್ರೂವಿನ ತಲೆಯನ್ನು ಕೆಡಿಸುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿರುವ ಹೊಂದಿಕೆಯಿಲ್ಲದ ಉಪಕರಣವೇ.

ನಾವು ಸ್ಟಾರ್ ಸ್ಕ್ರೂ ಎಂದು ಕರೆಯುವುದರಲ್ಲಿ ಮೂಲದ್ದು ಫಿಲಿಪ್ಸ್ ಮಾದರಿ. 1930ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಎಂಬವರು ಇದನ್ನು ಬಳಕೆಗೆ ತಂದರು. ಕಾರು ಕಾರ್ಖಾನೆಗಳು ಬೇಗನೆ ಒಪ್ಪಿಕೊಂಡವು. ಇದರ ಗುಳಿಯ ಗೋಡೆಗಳು ಇಳಿಜಾರಾಗಿವೆ. ಬಲ ಹೆಚ್ಚಿದಂತೆ ಸ್ಕ್ರೂ ಡ್ರೈವರು ತಾನಾಗಿಯೇ ಮೇಲಕ್ಕೆ ಏರಿ ಜಾರುತ್ತದೆ. ಒಂದೊಂದು ಸಲ ಜಾರಿದಾಗಲೂ ಗುಳಿಯ ಅಂಚು ಕಿತ್ತುಬರುತ್ತದೆ. ಮೂರು ನಾಲ್ಕು ಸಲ ಹೀಗಾದರೆ ಅಲ್ಲಿ ಉಳಿಯುವುದು ಬಟ್ಟಲಿನಂಥ ಒಂದು ಕುಳಿ ಮಾತ್ರ.

ಸ್ಟಾರ್ ಡ್ರೈವರುಗಳಲ್ಲಿ 1, 2, 3 ಎಂಬ ಅಳತೆಗಳಿವೆ. ಮನೆಯಲ್ಲಿರುವುದು ಸಾಮಾನ್ಯವಾಗಿ 2ನೇ ನಂಬರಿನದು. ಬ್ರೇಕ್ ಡ್ರಮ್, ಡಿಸ್ಕುಗಳ ಸ್ಕ್ರೂವಿಗೆ ಅನೇಕ ಕಾರುಗಳಲ್ಲಿ ಬೇಕಾದದ್ದು 3ನೆಯದು. ಸಣ್ಣ ಡ್ರೈವರು ದೊಡ್ಡ ಗುಳಿಯೊಳಗೆ ಕೂತಂತೆ ಕಂಡರೂ ತುದಿ ಮಾತ್ರ ತಾಗಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಜಪಾನ್ ವಿನ್ಯಾಸದ ಕಾರು, ಬೈಕುಗಳ ಸ್ಟಾರ್ ಸ್ಕ್ರೂ ನೋಡುವುದಕ್ಕೆ ಫಿಲಿಪ್ಸಿನಂತೆಯೇ ಇದ್ದರೂ ಒಳಗಿನ ಆಕಾರ ತುಸು ಬೇರೆ. ಮಾಮೂಲಿ ಫಿಲಿಪ್ಸ್ ಡ್ರೈವರು ಅದರ ತಳ ಮುಟ್ಟುವುದಿಲ್ಲ. 1983ರಲ್ಲಿ ಮಾರುತಿ 800 ಕಾರು ಬಂದಂದಿನಿಂದ ನಮ್ಮ ರಸ್ತೆಗಳಲ್ಲಿ ಜಪಾನ್ ವಿನ್ಯಾಸದ ವಾಹನಗಳು ತುಂಬಿವೆ. ಅಂಥ ಸ್ಕ್ರೂಗಳಲ್ಲಿ ಹಲವಕ್ಕೆ ತಲೆಯ ಮೇಲೆ ಒಂದು ಸಣ್ಣ ಚುಕ್ಕಿಯ ಗುರುತು ಇರುತ್ತದೆ. ಅದಕ್ಕೆ ತಕ್ಕ ಡ್ರೈವರು ಪೇಟೆಯಲ್ಲಿ ಸಿಗುತ್ತದೆ, ಕೇಳಿ ಕೊಳ್ಳಬೇಕು.

ಬೋಲ್ಟಿನ ವಿಷಯದಲ್ಲಿಯೂ ಇದೇ ಕಥೆ. ಹಳೆಯ ಜೀಪು, ಹಳೆಯ ಟ್ರ್ಯಾಕ್ಟರುಗಳಲ್ಲಿ ಅಂಗುಲದ ಅಳತೆಯ ಬೋಲ್ಟುಗಳೇ ಹೆಚ್ಚು. ಈಗಿನ ಸ್ಪ್ಯಾನರುಗಳು ಮಿಲಿಮೀಟರಿನವು. ಅರ್ಧ ಅಂಗುಲವೆಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರು ಹಾಕಿದರೆ ಸಡಿಲ. 9/16 ಅಂಗುಲವೆಂದರೆ 14.3 ಮಿ.ಮೀ. ಅದಕ್ಕೆ 14ರದು ಹೋಗದು, 15ರದು ಹಾಕಿದರೆ ಮೂಲೆಗಳು ಉರುಟಾಗುತ್ತವೆ. 3/4 ಅಂಗುಲ ಮಾತ್ರ 19 ಮಿ.ಮೀ.ಗೆ ಸರಿಹೊಂದುತ್ತದೆ. ಬಾಯಿ ತೆರೆದ ಸ್ಪ್ಯಾನರು ಬೋಲ್ಟಿನ ಎರಡೇ ಮುಖಗಳನ್ನು ಹಿಡಿಯುತ್ತದೆ. ಬಿಗಿದ ಬೋಲ್ಟಿಗೆ ಆರು ಮೂಲೆಯ ಸಾಕೆಟ್ಟು ಅಥವಾ ರಿಂಗ್ ಸ್ಪ್ಯಾನರೇ ತಕ್ಕದ್ದು.

ಬಲದ ಲೆಕ್ಕ

ಸ್ಪ್ಯಾನರಿಗೆ ಪೈಪು ತೊಡಿಸಿ ಜಗ್ಗುವ ಅಭ್ಯಾಸ ನಮ್ಮಲ್ಲಿ ಬಹಳ. ಒಂದು ಅಡಿ ಉದ್ದದ ಸ್ಪ್ಯಾನರನ್ನು 20 ಕಿಲೋ ಬಲದಿಂದ ಎಳೆದರೆ ಬೋಲ್ಟಿನ ಮೇಲೆ ಬೀಳುವ ತಿರುಚು ಸುಮಾರು 6 ಕಿಲೋಗ್ರಾಂ-ಮೀಟರ್. 6 ಮಿ.ಮೀ. ದಪ್ಪದ ಬೋಲ್ಟನ್ನು ಬಿಗಿಯಲು ಬೇಕಾಗುವುದು ಸುಮಾರು 1 ಮಾತ್ರ. ಎಂದ ಮೇಲೆ ಪೈಪಿಲ್ಲದೆಯೇ ಅದು ಮುರಿಯುತ್ತದೆ. ಪೈಪು ಹಾಕಿದರೆ ಕೇಳುವುದೇ ಬೇಡ. ಸಣ್ಣ ಬೋಲ್ಟಿಗೆ ಸಣ್ಣ ಸ್ಪ್ಯಾನರನ್ನು ಮಾಡಿರುವುದು ಜಿಪುಣತನದಿಂದಲ್ಲ.

ತಿರುಗಿಸುವ ದಿಕ್ಕನ್ನೂ ಮೊದಲೇ ನೋಡಿಕೊಳ್ಳಬೇಕು. ಸೈಕಲ್ಲಿನ ಎಡ ಪೆಡಲು ಉಲ್ಟಾ ಥ್ರೆಡ್ಡಿನದೆಂಬುದು ಎಲ್ಲರಿಗೂ ಗೊತ್ತು. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಎಡಗಡೆಯ ಚಕ್ರದ ನಟ್ಟುಗಳು ಕೂಡ ಹಾಗೆಯೇ. ಅಂಥದ್ದನ್ನು ಬಿಚ್ಚುತ್ತೇವೆಂದು ಬಿಗಿಯುತ್ತಾ ಹೋದರೆ ಕೊನೆಗೆ ಸ್ಟಡ್ಡೇ ತುಂಡಾಗುತ್ತದೆ.

ಮೊದಲು ಸುರಕ್ಷತೆ

ಕೆಲಸಕ್ಕೆ ಕೈಹಾಕುವ ಮುನ್ನ ಗಾಡಿಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ನೆಲದಲ್ಲಿರುವ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡಗಲ್ಲು ಕೊಡಬೇಕು. ಜಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಎತ್ತಿದ ಮೇಲೆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಅದಿಲ್ಲದಿದ್ದರೆ ಅಗಲವಾದ ಗಟ್ಟಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಅದರ ಮೇಲೆ ಕೂರಿಸಬಹುದು. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಇದ್ದಕ್ಕಿದ್ದಂತೆ ಪುಡಿಯಾಗುವುದರಿಂದ ಅವು ಸಲ್ಲದು. ಕಣ್ಣಿಗೆ ಕನ್ನಡಕ ಕಡ್ಡಾಯ. ಡ್ರಮ್ಮಿನ ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು. ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ಬಿಚ್ಚುವ ಕ್ರಮ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ ಎಂಬುದು ಹಿರಿಯರ ಮಾತು. ಇಲ್ಲಿಯೂ ಮೆದು ಉಪಾಯದಿಂದ ತೊಡಗಿ, ಅದು ಫಲಿಸದಿದ್ದರಷ್ಟೇ ಮುಂದಿನದಕ್ಕೆ ಹೋಗಬೇಕು. ಬ್ರೇಕ್ ಡಿಸ್ಕಿನ ಸ್ಕ್ರೂವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಒಂದು: ಡ್ರೈವರು ಒಂದು ಸಲ ಜಾರಿತೆಂದರೆ ಕೈ ಬಿಡಿ. ಎರಡನೆಯ ಸಲ ಅದೇ ಡ್ರೈವರಿನಿಂದ ಪ್ರಯತ್ನಿಸಬೇಡಿ. ಉಳಿದಿರುವ ಅಂಚೇ ನಮ್ಮ ಬಂಡವಾಳ, ಅದನ್ನು ಉಳಿಸಿಕೊಳ್ಳಬೇಕು.

ಎರಡು: ತಂತಿ ಬ್ರಷ್ಷಿನಿಂದ ತಲೆಯ ಸುತ್ತ ಉಜ್ಜಿ, ಗುಳಿಯೊಳಗಿನ ಕೊಳೆಯನ್ನು ಮೊಳೆಯಿಂದ ಕೆದಕಿ ತೆಗೆಯಿರಿ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ನಾಲ್ಕು ಹನಿ ಬಿಡಿ. ಸುತ್ತಿಗೆಯಿಂದ ತಲೆಯ ಮೇಲೆ ಹಗುರವಾಗಿ ಹತ್ತಿಪ್ಪತ್ತು ಸಲ ತಟ್ಟಿ. ತಟ್ಟಿದಾಗ ತುಕ್ಕಿನ ಪದರ ಬಿರುಕುಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಆಮೇಲೆ ಕಾಯಿರಿ. ಸಂಜೆ ಎಣ್ಣೆ ಹಾಕಿ ಬೆಳಗ್ಗೆ ಬಿಚ್ಚುವುದಾದರೆ ಎಷ್ಟೋ ಸ್ಕ್ರೂಗಳು ಬೇರೆ ಉಪಾಯ ಬೇಡುವುದಿಲ್ಲ. ಆದರೆ ಎಣ್ಣೆ ಬ್ರೇಕ್ ಪ್ಯಾಡು, ಲೈನಿಂಗಿಗೆ ತಾಗಕೂಡದು. ತಾಗಿದ ಲೈನಿಂಗನ್ನು ಬದಲಾಯಿಸುವುದೇ ಲೇಸು.

ಮೂರು: ತಕ್ಕ ನಂಬರಿನ, ತುದಿ ಸವೆಯದ ಡ್ರೈವರನ್ನು ಗುಳಿಯಲ್ಲಿಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿ. ವಾಲ್ವು ಉಜ್ಜುವ ಗ್ರೈಂಡಿಂಗ್ ಪೇಸ್ಟನ್ನು ತುದಿಗೆ ಸ್ವಲ್ಪ ಸವರಿದರೆ ಹಿಡಿತ ಹೆಚ್ಚುತ್ತದೆ. ಮೈಭಾರವನ್ನೆಲ್ಲ ಮುಂದಕ್ಕೆ ಒತ್ತಿ ನಿಧಾನವಾಗಿ ತಿರುಗಿಸಿ. ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಹೆಚ್ಚಿರಬೇಕು.

ನಾಲ್ಕು: ಇದಕ್ಕೂ ಬಗ್ಗದಿದ್ದರೆ ಇಂಪ್ಯಾಕ್ಟ್ ಡ್ರೈವರು ಬೇಕು. ಇದು ವಿದ್ಯುತ್ತು ಬೇಡದ, ದಪ್ಪ ಹಿಡಿಯ ಉಪಕರಣ. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಆ ಪೆಟ್ಟೇ ತುದಿಯನ್ನು ಗುಳಿಯೊಳಗೆ ಒತ್ತುತ್ತಾ ಕೊಂಚ ತಿರುಗಿಸುತ್ತದೆ. ಒತ್ತು ಮತ್ತು ತಿರುಗು ಎರಡೂ ಒಂದೇ ಕ್ಷಣಕ್ಕೆ ಸಿಗುವುದರಿಂದ ಜಾರುವುದಿಲ್ಲ. ಹೊಡೆಯುವ ಮೊದಲು ಅದು ಬಿಚ್ಚುವ ದಿಕ್ಕಿಗೆ ಹೊಂದಿಸಿದೆಯೇ ಎಂದು ನೋಡಿಕೊಳ್ಳಿ.

ಐದು: ಗುಳಿ ಪೂರ್ತಿ ಸವೆದಿದ್ದು ತಲೆ ಹೊರಗೆ ಎದ್ದಿದ್ದರೆ ಹ್ಯಾಕ್ಸಾದಿಂದ ಒಂದು ಗೀಟು ಕೊಯ್ದು ಚಪ್ಪಟೆ ಡ್ರೈವರು ಬಳಸಬಹುದು, ಅಥವಾ ವೈಸ್ ಗ್ರಿಪ್ಪಿನಿಂದ ಕಚ್ಚಿ ತಿರುಗಿಸಬಹುದು. ತಲೆ ಒಳಗೆ ಹುದುಗಿದ್ದರೆ ತಲೆಯ ಅಂಚಿನಲ್ಲಿ ಸೆಂಟರ್ ಪಂಚಿನಿಂದ ಒಂದು ಗುರುತು ಮಾಡಿ, ಚೂಪಾದ ಉಳಿಯನ್ನು ಓರೆಯಾಗಿಟ್ಟು ಬಿಚ್ಚುವ ದಿಕ್ಕಿಗೆ ತಟ್ಟಬೇಕು.

ಆರು: ಯಾವುದಕ್ಕೂ ಜಗ್ಗದಿದ್ದರೆ ತಲೆಯನ್ನೇ ಕೊರೆದು ತೆಗೆಯಬೇಕು. ನಡುವೆ ಪಂಚ್ ಮಾಡಿ, ಮೊದಲು ಸಣ್ಣ ಬಿಟ್ಟು, ಬಳಿಕ ಸ್ಕ್ರೂವಿನ ಕಡ್ಡಿಗಿಂತ ತುಸು ದೊಡ್ಡ ಬಿಟ್ಟು ಹಾಕಿ ತಲೆ ಕಳಚುವಷ್ಟೇ ಆಳ ಕೊರೆಯಿರಿ. ತಲೆ ಹೋದೊಡನೆ ಡಿಸ್ಕು ಬಿಡುಗಡೆಯಾಗುತ್ತದೆ. ಡ್ರಮ್ಮಾದರೆ, ಹಲವು ಕಾರುಗಳಲ್ಲಿ ಅದರ ಮುಖದ ಮೇಲೆ ಥ್ರೆಡ್ಡಿರುವ ಎರಡು ರಂಧ್ರಗಳಿರುತ್ತವೆ. ಅವಕ್ಕೆ ತಕ್ಕ ಬೋಲ್ಟುಗಳನ್ನು ಸರಿಸಮವಾಗಿ ಬಿಗಿಯುತ್ತಾ ಹೋದರೆ ಡ್ರಮ್ಮು ತಾನಾಗಿ ಹೊರಬರುತ್ತದೆ. ಉಳಿದ ಕಡ್ಡಿಯ ಮೇಲೆ ಈಗ ಎಳೆತವಿಲ್ಲ. ವೈಸ್ ಗ್ರಿಪ್ಪಿಗೆ, ಎಷ್ಟೋ ವೇಳೆ ಬೆರಳಿಗೇ, ಅದು ಬಂದುಬಿಡುತ್ತದೆ. ಈ ಸ್ಕ್ರೂವಿನ ಕೆಲಸ ಜೋಡಣೆಯ ವೇಳೆ ಡಿಸ್ಕನ್ನು ಸ್ಥಾನದಲ್ಲಿ ಹಿಡಿಯುವುದು ಮಾತ್ರ; ಓಡುವಾಗ ಅದನ್ನು ಹಿಡಿದಿರುವುದು ಚಕ್ರದ ನಟ್ಟುಗಳು. ಎಂತಲೇ ಇಲ್ಲಿ ತಲೆ ಕೊರೆಯಲು ಅಂಜಬೇಕಾಗಿಲ್ಲ.

ಬೆಂಕಿಯೂ ವೆಲ್ಡಿಂಗೂ

ಒಳಗೇ ಮುರಿದುಕೊಂಡ ಸ್ಟಡ್ಡಿನ ಕಥೆ ಬೇರೆ. ಅದರ ತುದಿ ಹೊರಗೆ ಕಾಣುತ್ತಿದ್ದರೆ ಮೇಲೊಂದು ನಟ್ಟು ಇಟ್ಟು, ನಟ್ಟಿನ ಒಳಗಿಂದ ವೆಲ್ಡ್ ಮಾಡಿಸಿ, ಸ್ವಲ್ಪ ಆರಿದ ಮೇಲೆ ಸ್ಪ್ಯಾನರಿನಿಂದ ಹಿಂದೆ ಮುಂದೆ ಆಡಿಸಿ ತೆಗೆಯುವುದು ಒಳ್ಳೆಯ ಉಪಾಯ. ವೆಲ್ಡಿಂಗಿನ ಕಾವೇ ತುಕ್ಕನ್ನು ಸಡಿಲಿಸುತ್ತದೆ. ಗಾಡಿಯ ಮೇಲೆ ವೆಲ್ಡ್ ಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಕಳಚಲೇಬೇಕು. ಈಗಿನ ವಾಹನಗಳಲ್ಲಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಇಲ್ಲದಿದ್ದರೆ ಸುಟ್ಟುಹೋಗಬಹುದು. ಅವು ದುಬಾರಿ ಸರಕು.

ನಟ್ಟು ಹಿಡಿದುಕೊಂಡಿದ್ದರೆ ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. ಗಾಡಿಯ ಕಬ್ಬಿಣದ ಹಳಿ ಕಾಯಿಸಿ ಮರದ ಚಕ್ರಕ್ಕೆ ತೊಡಿಸುವ ಕಮ್ಮಾರರ ವಿದ್ಯೆ ಇದೇ: ಹೊರಗಿನದು ಹಿಗ್ಗಿದರೆ ಒಳಗಿನದು ಸಡಿಲ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಅಲ್ಯೂಮಿನಿಯಂ ಎಂಜಿನ್ ಹೆಡ್ಡಿನಲ್ಲಿ ಕೂತ ಉಕ್ಕಿನ ಸ್ಟಡ್ಡಿಗೆ ಹದವಾದ ಕಾವೇ ಸಾಕಾಗುತ್ತದೆ. ಜ್ವಾಲೆ ತೆಗೆದ ಮೇಲೆ ಬಿಸಿ ಥ್ರೆಡ್ಡಿಗೆ ಮೇಣದ ಬತ್ತಿ ತಾಗಿಸಿದರೆ ಕರಗಿದ ಮೇಣ ಸಂದಿನೊಳಗೆ ಹೀರಿಕೊಂಡು ಜಾರುವಂತೆ ಮಾಡುತ್ತದೆ.

ಆದರೆ ಬೆಂಕಿಗೆ ಜಾಗ ನೋಡಬೇಕು. ಪೆಟ್ರೋಲು, ಡೀಸೆಲ್ ಪೈಪು, ಟ್ಯಾಂಕು, ಬ್ರೇಕಿನ ರಬ್ಬರ್ ಹೋಸು, ಶಾಕ್ ಅಬ್ಸಾರ್ಬರ್, ಬ್ಯಾಟರಿ ಇವುಗಳ ಬಳಿ ಜ್ವಾಲೆ ತರಬಾರದು. ಟೈರು ಕೂತಿರುವ ಚಕ್ರದ ನಟ್ಟನ್ನು ಎಂದಿಗೂ ಕಾಯಿಸಕೂಡದು, ರಿಮ್ಮಿಗೆ ವೆಲ್ಡ್ ಮಾಡಕೂಡದು. ಕಾವಿಗೆ ಟೈರಿನ ಒಳಮೈ ಆವಿಯಾಗಿ ಬಾಂಬಿನಂತೆ ಸಿಡಿದು ಜನ ಸತ್ತಿರುವುದುಂಟು. ಎಣ್ಣೆ ಸುರಿದ ಜಾಗಕ್ಕೆ ಒರೆಸದೆ ಬೆಂಕಿ ಹಿಡಿಯುವುದೂ ಸಲ್ಲದು.

ಒಳಗೇ ಮುರಿದದ್ದನ್ನು ಕೊರೆದು, ಉಲ್ಟಾ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ ಹಾಕಿ ತೆಗೆಯುವ ಪದ್ಧತಿಯೂ ಇದೆ. ಅದಕ್ಕೆ ರಂಧ್ರ ನಟ್ಟನಡುವೆ ಇರಬೇಕು. ಎಕ್ಸ್‌ಟ್ರಾಕ್ಟರು ಬಹಳ ಗಡುಸು, ಆದರೆ ಗಾಜಿನಂತೆ ಪೆಡಸು. ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ಟು ಅದನ್ನು ಗೀಚಲೂ ಆರದು. ಮೆದುವಾಗಿ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ ಲೇತ್ ಅಂಗಡಿಗೆ ಒಯ್ಯುವುದು ಜಾಣತನ. ಥ್ರೆಡ್ಡೇ ಕೆಟ್ಟಿದ್ದರೆ ಹೊಸದಾಗಿ ಟ್ಯಾಪ್ ಮಾಡಿ ಉಕ್ಕಿನ ಸುರುಳಿ ಕೂರಿಸಿ ಅದೇ ಅಳತೆಯ ಬೋಲ್ಟು ಹಾಕಬಹುದು. ಟ್ಯಾಪಿಗೆ ಬೇಕಾದ ರಂಧ್ರದ ಲೆಕ್ಕ ಸುಲಭ: ದಪ್ಪದಲ್ಲಿ ಒಂದು ಸುತ್ತಿನ ಅಂತರ ಕಳೆಯಿರಿ. 10 ಮಿ.ಮೀ. ಬೋಲ್ಟಿಗೆ ಅಂತರ 1.5 ಆದರೆ ರಂಧ್ರ 8.5.

ಮರಳಿ ಜೋಡಿಸುವಾಗ

ಬಿಚ್ಚಿದ್ದು ಗೆಲುವೆಂದು ಹಿಗ್ಗಿ, ಅದೇ ಸವೆದ ಸ್ಕ್ರೂವನ್ನು ಮತ್ತೆ ಹಾಕುವುದು ಮುಂದಿನ ಸಲದ ಕಷ್ಟಕ್ಕೆ ಇಂದೇ ಬಿತ್ತನೆ ಮಾಡಿದಂತೆ. ಹೊಸ ಸ್ಕ್ರೂ ಹಾಕಿ. ಥ್ರೆಡ್ಡು ಉಜ್ಜಿ, ಹಿಡಿದುಕೊಳ್ಳದಂತೆ ತಡೆಯುವ ಪೇಸ್ಟನ್ನು ತೆಳುವಾಗಿ ಸವರಿ. ಚಕ್ರದ ನಟ್ಟುಗಳಿಗೆ ಮಾತ್ರ, ಕಂಪನಿಯ ಪುಸ್ತಕದಲ್ಲಿ ಹೇಳಿದ್ದರ ಹೊರತು, ಎಣ್ಣೆ ಗ್ರೀಸು ಹಚ್ಚಬೇಡಿ. ಜಾರುವ ಥ್ರೆಡ್ಡು ಅಳತೆ ಮೀರಿ ಬಿಗಿಯುತ್ತದೆ.

ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನು ಓದುವುದನ್ನು ಎಲ್ಲರೂ ಕಲಿಯಬೇಕು. 8.8 ಎಂದಿದ್ದಲ್ಲಿ 8.8, 10.9 ಎಂದಿದ್ದಲ್ಲಿ 10.9 ಹಾಕಬೇಕು. ಅಂಗುಲದ ಬೋಲ್ಟುಗಳಲ್ಲಿ ಮೂರು ಗೆರೆ, ಆರು ಗೆರೆಗಳ ಗುರುತಿದೆ. ಗೆರೆ ಹೆಚ್ಚಿದಷ್ಟೂ ಬಲ ಹೆಚ್ಚು. ಸ್ಟಿಯರಿಂಗು, ಬ್ರೇಕು, ಚಕ್ರಗಳಿಗೆ ಅಂಕಿಯಿಲ್ಲದ ಸಾದಾ ಬೋಲ್ಟು ಹಾಕಿ ಹತ್ತು ರೂಪಾಯಿ ಉಳಿಸುವುದು ಪ್ರಾಣದೊಡನೆ ಚೌಕಾಸಿ. ಕೆಂಪಗೆ ಕಾಯಿಸಿದ ಬೋಲ್ಟು ಕೂಡ ಬಲ ಕಳೆದುಕೊಂಡಿರುತ್ತದೆ. ಅದನ್ನು ಗುಜರಿಗೆ ಹಾಕಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಆಗಬೇಕಾದದ್ದು

ಮೇಲೆ ಹೇಳಿದ ಉಪಕರಣಗಳಲ್ಲಿ ಬಹುಪಾಲು ಒಬ್ಬೊಬ್ಬ ರೈತನೂ ಕೊಳ್ಳಬೇಕಾದವಲ್ಲ. ವರ್ಷಕ್ಕೆ ಎರಡು ಸಲ ಬೇಕಾಗುವ ಇಂಪ್ಯಾಕ್ಟ್ ಡ್ರೈವರು, ಟ್ಯಾಪಿನ ಪೆಟ್ಟಿಗೆ, ಟಾರ್ಕ್ ಸ್ಪ್ಯಾನರು, ಜಾಕಿನ ಸ್ಟ್ಯಾಂಡು ಊರಿಗೆ ಒಂದು ಜೊತೆ ಇದ್ದರೆ ಸಾಕು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದ ನಾಡು ನಮ್ಮದು. ಸಾಲ, ಗೊಬ್ಬರ, ಬೀಜ ಹಂಚುವ ಸಹಕಾರ ಸಂಘಗಳು ಒಂದು ಉಪಕರಣದ ಪೆಟ್ಟಿಗೆಯನ್ನು ಇಟ್ಟುಕೊಂಡು, ಅಲ್ಪ ಬಾಡಿಗೆಗೆ, ರಿಜಿಸ್ಟರಿನಲ್ಲಿ ಸಹಿ ಪಡೆದು ಕೊಡುವುದು ಅಸಾಧ್ಯವೇನಲ್ಲ. ಯಂತ್ರ ಬಾಡಿಗೆ ಕೇಂದ್ರಗಳೂ ಇದನ್ನು ಮಾಡಬಹುದು.

ಎರಡನೆಯದು ಶಿಕ್ಷಣ. ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮತ್ತು ಟ್ರ್ಯಾಕ್ಟರ್ ಮೆಕ್ಯಾನಿಕ್ ತರಬೇತಿಗಳಿವೆ. ಅಲ್ಲಿನ ಬೋಧಕರು ಬೇಸಿಗೆಯಲ್ಲಿ ಹಳ್ಳಿಗೆ ಬಂದು ಎರಡು ದಿನದ ಶಿಬಿರ ನಡೆಸಿದರೆ, ನೂರು ಪುಟದ ಪುಸ್ತಕ ಕಲಿಸದ್ದನ್ನು ಒಂದು ಹಳೆಯ ಡ್ರಮ್ಮು ಕಲಿಸುತ್ತದೆ. ಊರ ಕಮ್ಮಾರರನ್ನೂ ಅಲ್ಲಿಗೆ ಬೋಧಕರ ಸಾಲಿನಲ್ಲಿಯೇ ಕರೆಯಬೇಕು. ಕಾವಿನ ಹದ ಅವರಷ್ಟು ಬಲ್ಲವರಿಲ್ಲ.

ಮೂರನೆಯದು ವಾಹನ ತಯಾರಕರ ಹೊಣೆ. ಗಾಡಿ ಮಾರುವಾಗ ಜಾಹೀರಾತು ಕನ್ನಡದಲ್ಲಿರುತ್ತದೆ. ಯಾವ ಸ್ಕ್ರೂವಿಗೆ ಯಾವ ಡ್ರೈವರು, ಯಾವ ನಟ್ಟಿಗೆ ಎಷ್ಟು ಬಿಗಿ ಎಂಬುದನ್ನು ಹೇಳುವ ರಿಪೇರಿ ಪುಸ್ತಕವೂ ಕನ್ನಡದಲ್ಲಿ ಬರಬೇಕು. ಕೊಂಡವನಿಗೆ ತನ್ನ ಗಾಡಿಯನ್ನು ತಾನೇ ಬಿಚ್ಚಿ ನೋಡುವ ಹಕ್ಕು ಉಂಟು. ಆ ಹಕ್ಕಿಗೆ ಭಾಷೆಯೇ ಬೀಗವಾಗಬಾರದು. ರೈತ ಸಂಘಟನೆಗಳು ಬೆಲೆಯ ಬೇಡಿಕೆಯ ಜೊತೆಗೆ ಇದನ್ನೂ ಸೇರಿಸಿಕೊಳ್ಳಲಿ.

ಓದುಗರಲ್ಲಿ ನಮ್ಮ ಸಲಹೆ ಇಷ್ಟೇ. ಈ ವಾರ ಬಿಡುವಾದಾಗ ಮನೆಯಲ್ಲಿರುವ ಸ್ಕ್ರೂ ಡ್ರೈವರುಗಳನ್ನೆಲ್ಲ ಒಂದೆಡೆ ಹರಡಿ ತುದಿ ನೋಡಿ. ಉರುಟಾದವನ್ನು ಅಂದೇ ಎಸೆದು, 3ನೇ ನಂಬರಿನದು ಒಂದನ್ನು ಕೊಂಡಿಡಿ. ಹದ ಬಂದ ದಿನ ಗಾಡಿ ಮನೆಯ ಮುಂದೆ ನಿಲ್ಲುವುದೋ ಹೊಲಕ್ಕೆ ಹೋಗುವುದೋ ಎಂಬುದು ಅಷ್ಟರ ಮೇಲೆಯೇ ನಿಂತಿರಬಹುದು.